ಅವ್ವನಿಗೆ ಇರುವುದು ಕಾಯಿಲೆಯೋ, ಬಡತನವೋ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮಳೆ ಕೈಕೊಟ್ಟಿತು ಅಂತ ಎಂಟು ವರ್ಷದ ಹಿಂದೆ ದಾವಣಗೆರೆಗೆ ಬಂದ್ವಿ. ಅವ್ವನಿಗೆ 45 ವರ್ಷ, ಮಂಡಕ್ಕಿ ಭಟ್ಟಿಗೆ ಹೋಗ್ತಾಳೆ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ನಾನು ಬಟ್ಟೆ ಅಂಗಡಿಯಲ್ಲಿ ಇದೀನಿ, ತಮ್ಮ ಪಿಯುಸಿ ಓದ್ತಿದಾನೆ. ಅಕ್ಕನ ಮದುವೆಗೆ ಅಂತ ಮೂರು ಫೈನಾನ್ಸ್‌ನಲ್ಲಿ ಗುಂಪು ಸಾಲ ಮಾಡಿದ್ವಿ, ಜೊತೆಗೆ ಕೈಸಾಲ ಬೇರೆ. ಐದಾರು ತಿಂಗಳಿಂದ ಅವ್ವ ಸರಿಯಾಗಿಲ್ಲ. ರಾತ್ರಿ ಎರಡು ಗಂಟೆಗೇ ಎದ್ದು ಕೂರ್ತಾಳೆ. ತಲೆ ಉರಿ, ಮೈಕೈ ನೋವು, ಎದೆ ಡವಡವ ಅಂತಾಳೆ. ಇಂಜೆಕ್ಷನ್, ಗ್ಲೂಕೋಸ್, ಸ್ಕ್ಯಾನಿಂಗ್ ಎಲ್ಲಾ ಆಯ್ತು. 'ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ' ಅಂತ ಕಳಿಸಿದ್ರು. ಈಗೀಗ 'ನಾನು ಸತ್ರೆ ನಿಮಗೆಲ್ಲ ಆರಾಮ' ಅಂತಾಳೆ. ಅಪ್ಪ ದಿನಾ ಕುಡೀತಾನೆ. ನೆಂಟರು ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಕರ್ಕೊಂಡು ಹೋಗಿ ಅಂತಾರೆ. ನನ್ನ ಗೆಳತಿ ಮಾನಸಿಕ ಡಾಕ್ಟರಿಗೆ ತೋರಿಸು ಅಂತಾಳೆ. ಅವ್ವ ಮಾತ್ರ 'ನನಗೇನು ಹುಚ್ಚಾ? ಸಾಲ ತೀರಿದ್ರೆ ಎಲ್ಲಾ ಸರಿ ಹೋಗ್ತದೆ' ಅಂತಾಳೆ. ನನಗೂ ಹಾಗೇ ಅನ್ನಿಸ್ತದೆ. ಮಾತ್ರೆ ತಗೊಂಡ್ರೆ ಸಾಲ ತೀರುತ್ತಾ?

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮುಂಚೆ ಒಂದು ಅವಸರದ ಮಾತು ಹೇಳುತ್ತೇನೆ. 'ನಾನು ಸತ್ರೆ ಆರಾಮ' ಎಂಬುದನ್ನು ಬೇಸರಕ್ಕೆ ಆಡಿದ ಮಾತು ಎಂದು ಬಿಟ್ಟುಬಿಡಬೇಡಿ. ಇವತ್ತೇ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಅವ್ವನ ಪಕ್ಕ ಕೂತು ನೇರವಾಗಿ ಕೇಳಿ: 'ಅವ್ವಾ, ಸಾಯ್ಬೇಕು ಅಂತ ಅನ್ನಿಸ್ತದಾ? ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ?' ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರಾದರೂ ಕೇಳಿದ ಮೇಲೆ ಎದೆ ಹಗುರಾಯಿತು ಎನ್ನುವವರೇ ಜಾಸ್ತಿ.

ಅವರು 'ಹೂಂ' ಎಂದರೆ ಒಬ್ಬರನ್ನೇ ಬಿಡಬೇಡಿ. ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಊರಿಂದ ತಂದ ಹೊಲದ ಔಷಧಿ ಏನಾದರೂ ಮನೆಯಲ್ಲಿ ಉಳಿದಿದ್ದರೆ ಇವತ್ತೇ ಮನೆಯಿಂದ ಆಚೆ ಸಾಗಿಸಿ. ಸಾಯಬೇಕು ಅನ್ನಿಸುವ ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ತಿಳಿಯುತ್ತದೆ. ಅವರಿಗೆ ಶಿಕ್ಷೆ ಕೊಡುವುದಿಲ್ಲ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ.

ಈಗ ನಿಮ್ಮ ಪ್ರಶ್ನೆ. ಮಾತ್ರೆ ಸಾಲ ತೀರಿಸುವುದಿಲ್ಲ. ಅದು ನಿಜ. ಆದರೆ ಸಾಲ ತೀರಿದ ಕೂಡಲೇ ಅವ್ವ ಸರಿಹೋಗುತ್ತಾರೆ ಎಂಬುದೂ ಅಷ್ಟೇ ಅನುಮಾನ. ಐದಾರು ತಿಂಗಳಿಂದ ನಿದ್ದೆಯಿಲ್ಲ, ನಸುಕಿಗೇ ಎಚ್ಚರ, ಮೈಯೆಲ್ಲ ನೋವು, ಬದುಕೇ ಬೇಡ ಎಂಬ ಮಾತು. ನೋಡದೆ ಖಚಿತವಾಗಿ ಹೇಳುವಂತಿಲ್ಲ, ಆದರೆ ನೀವು ಬರೆದಿರುವುದೆಲ್ಲ ಖಿನ್ನತೆ ಕಾಯಿಲೆಯ ಕಡೆಗೇ ಬೆರಳು ತೋರಿಸುತ್ತದೆ. ಅದು ಸಾಲದಿಂದಲೇ ಶುರುವಾಗಿರಬಹುದು. ಶುರುವಾದ ಮೇಲೆ ಅದಕ್ಕೆ ತನ್ನದೇ ಓಟ ಇರುತ್ತದೆ. ಮಳೆಗಾಲದಲ್ಲಿ ಸೂರು ಸೋರಿ ಮಗುವಿಗೆ ಜ್ವರ ಬಂತು ಎಂದಿಟ್ಟುಕೊಳ್ಳಿ. ಸೂರು ರಿಪೇರಿ ಆಗುವ ತನಕ ಜ್ವರಕ್ಕೆ ಔಷಧಿ ಬೇಡ ಎಂದು ಯಾರೂ ಹೇಳಲ್ಲ, ಅಲ್ವಾ?

ಹಾಗಂತ 'ಇದು ಬರೀ ಮನಸ್ಸಿನ ಕಾಯಿಲೆ, ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ' ಎನ್ನುವ ಡಾಕ್ಟರ ಮಾತನ್ನೂ ನಾನು ಒಪ್ಪುವುದಿಲ್ಲ. ಬಡವರಲ್ಲಿ ಖಿನ್ನತೆ ಮತ್ತು ಆತಂಕ, ಚೆನ್ನಾಗಿರುವವರಿಗಿಂತ ಒಂದೂವರೆಯಿಂದ ಮೂರು ಪಟ್ಟು ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರ ಲೆಕ್ಕ ತೆಗೆದರೆ, 2022ರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ದಿನಗೂಲಿಯವರು. ಬಡವರ ಮನಸ್ಸು ಗಟ್ಟಿಯಿಲ್ಲ ಎಂದು ಇದರ ಅರ್ಥವಲ್ಲ. ನಿಮ್ಮ ಅವ್ವ ಭಟ್ಟಿಯ ಮುಂದೆ ನಿಂತು ವರ್ಷಗಟ್ಟಲೆ ದುಡಿದಿದ್ದಾರೆ. ಅವರಷ್ಟು ಗಟ್ಟಿ ಮನಸ್ಸು ನನಗಿಲ್ಲ.

ಹಾಗಾದರೆ ಕಾಯಿಲೆ ಎಲ್ಲಿಂದ ಬರುತ್ತದೆ? ಅವ್ವನ ಒಂದು ದಿನವನ್ನೇ ನೋಡಿ. ಭಟ್ಟಿ ಕೆಲಸ ಬೆಳಕು ಹರಿಯುವ ಮುಂಚೆಯೇ ಶುರು. ಕಾದ ಮರಳಿನ ಝಳ, ಹೊಗೆ, ಮನೆಗೆ ಬಂದರೆ ಅಡುಗೆ. ನಿದ್ದೆ ಮೊದಲೇ ಕಮ್ಮಿ, ಅದರಲ್ಲೂ ತುಂಡು ತುಂಡು. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವುದರಿಂದ ರಕ್ತವೂ ಕಮ್ಮಿ ಇರಬಹುದು. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಅಪ್ಪನ ದುಡಿಮೆ ಮೆಕ್ಕೆಜೋಳದ ಸೀಸನ್ ಇದ್ದಾಗ ಜೋರು, ಮುಗಿದ ಮೇಲೆ ಮಾಲು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂತು ಮಾತ್ರ ವಾರ ವಾರ ತಪ್ಪದೆ ಬರುತ್ತದೆ. ಸೋಮವಾರ ಒಂದು ಫೈನಾನ್ಸ್, ಬುಧವಾರ ಇನ್ನೊಂದು. ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ.

ಗುಂಪು ಸಾಲದಲ್ಲಿ ಇನ್ನೊಂದು ಹಿಂಸೆಯಿದೆ, ಅದನ್ನು ಡಾಕ್ಟರುಗಳು ಕೇಳುವುದೇ ಇಲ್ಲ. ಅವ್ವ ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕಟ್ಟಬೇಕು. ಅವರೆಲ್ಲ ಅದೇ ಓಣಿಯವರು, ಕೊಳಾಯಿ ಹತ್ತಿರ ದಿನಾ ಎದುರಾಗುವವರು. ಕಷ್ಟಕ್ಕೆ ಆಗಬೇಕಾದವರ ಮುಂದೆಯೇ ತಲೆ ತಗ್ಗಿಸುವ ಹಾಗಾಗುತ್ತದೆ. ಸಾಲ ಎಷ್ಟು ಎನ್ನುವುದಕ್ಕಿಂತ ಈ ಮರ್ಯಾದೆಯ ಭಯವೇ ಎಷ್ಟೋ ಹೆಂಗಸರ ನಿದ್ದೆ ಕೆಡಿಸುತ್ತದೆ.

ತಲೆಯಲ್ಲಿ ಸದಾ ಕಂತಿನ ಲೆಕ್ಕ ಓಡುತ್ತಿದ್ದರೆ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅದೇ ರೈತರಿಗೆ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಮಾಡಿದರು. ಕಾಸಿಲ್ಲದಾಗ ಅಂಕ ಕಮ್ಮಿ ಬಂತು. ಜನ ಅವರೇ, ತಲೆ ಅದೇ. ಅವ್ವ ಒಲೆ ಮೇಲೆ ಇಟ್ಟದ್ದನ್ನು ಮರೆಯುವುದು, ಹೇಳಿದ್ದನ್ನೇ ಹೇಳುವುದು, ಸಣ್ಣದಕ್ಕೆ ರೇಗುವುದು ಇದ್ದರೆ 'ತಲೆ ಕೆಟ್ಟಿದೆ' ಎಂದು ಹಂಗಿಸಬೇಡಿ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಖಿನ್ನತೆಯೂ ಬಡತನವನ್ನು ಜಾಸ್ತಿ ಮಾಡುತ್ತದೆ. ಈ ಆರು ತಿಂಗಳಲ್ಲಿ ಇಂಜೆಕ್ಷನ್, ಗ್ಲೂಕೋಸ್ ಬಾಟಲಿ, ಗ್ಯಾಸ್ ಮಾತ್ರೆ, ಸ್ಕ್ಯಾನಿಂಗ್‌ಗೆ ಎಷ್ಟು ಹೋಯಿತು ಎಂದು ಲೆಕ್ಕ ಹಾಕಿ. ಕೆಲಸ ತಪ್ಪಿದ ದಿನಗಳ ಕೂಲಿಯನ್ನೂ ಸೇರಿಸಿ. ಸರಿಯಾದ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ತೆಗೆದುಕೊಂಡಿದ್ದರೆ ಅದರಲ್ಲಿ ಹೆಚ್ಚಿನದು ಉಳಿಯುತ್ತಿತ್ತು. ನಮ್ಮ ಕಡೆ ಮನಸ್ಸಿನ ಸಂಕಟ ಮೈಯಲ್ಲೇ ಮಾತಾಡುತ್ತದೆ: ತಲೆ ಕಾವು, ಎದೆ ಉರಿ, ಸುಸ್ತು, ಕೈಕಾಲು ಜೋಮು. ಅದನ್ನು ನಾಟಕ ಎನ್ನುವಂತಿಲ್ಲ, ನೋವು ನಿಜವಾಗಿಯೂ ಆಗುತ್ತಿರುತ್ತದೆ. 'ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ' ಎನ್ನುವುದು ಚಿಕಿತ್ಸೆಯಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣದ್ದಕ್ಕೆಲ್ಲ 'ಏನೂ ಇಲ್ಲ' ಎನ್ನುವುದು ನಮ್ಮ ವೃತ್ತಿಯವರ ಕೆಟ್ಟ ಚಾಳಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಲ್ಲಿ ಎಷ್ಟು ಜನ ನಿಮ್ಮ ಅವ್ವನ ಹಾಗೆ ಆಸ್ಪತ್ರೆ ಮೆಟ್ಟಿಲು ಹತ್ತಿಯೂ ಬರಿಗೈಲಿ ಬಂದರೋ!

ಎಲ್ಲಿಗೆ ಹೋಗಬೇಕು? ನೀವಿರುವುದು ದಾವಣಗೆರೆಯಲ್ಲೇ ಆದ್ದರಿಂದ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮನೋರೋಗ ವಿಭಾಗ ಎಂದು ಕೇಳಿ. ಊರಲ್ಲೇ ಇರುವ ನೆಂಟರಿಗೆ ಬೇಕಾದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಅಲ್ಲಿಯ ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಸುಮ್ನೆ ಅಲೆಯುವುದು ತಪ್ಪುತ್ತದೆ. ಹಳ್ಳಿಯ ಬಾಗಿಲಿಗೆ ಮಾನಸಿಕ ಚಿಕಿತ್ಸೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾಡಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಷ್ಟು ವರ್ಷ ಆದರೂ ದಿನಗೂಲಿಯವರು ಒಂದು ದಿನದ ಕೂಲಿ ಬಿಟ್ಟೇ ಸಾಲಿನಲ್ಲಿ ನಿಲ್ಲಬೇಕು ಎನ್ನುವುದು ನನಗೆ ಸಿಟ್ಟು ತರಿಸುವ ವಿಷಯ. ಸಂಜೆ ಒಪಿಡಿ ಇರಬೇಕಿತ್ತು. ಆ ಜಗಳ ಬೇರೆ.

ಕೂಲಿ ಹೋಗುವುದನ್ನು ಕಮ್ಮಿ ಮಾಡಲು, ಮೊದಲ ಒಂದೆರಡು ಭೇಟಿಯಾದ ಮೇಲೆ 'ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡ್ತೀರಾ ಸರ್, ದಿನಗೂಲಿ ಕೆಲಸ' ಎಂದು ಕೇಳಿ. ಕೇಳಿದರೆ ಬಹಳ ಜನ ಕೊಡುತ್ತಾರೆ. ಆ ಮಾತ್ರೆ ನಿಮ್ಮ ಹತ್ತಿರ ಇರಲಿ, ದಿನದ್ದು ದಿನಕ್ಕೆ ನೀವೇ ಕೊಡಿ. ಅವ್ವನಿಗೂ ನಿಮಗೂ ಬಸ್ಸಿಗೆ ಶಕ್ತಿ ಯೋಜನೆ ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಪುಕ್ಕಟೆ ಸಿಗಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಬಿಪಿಎಲ್ ಕಾರ್ಡ್ ಜೊತೆಗಿರಲಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಥೈರಾಯ್ಡ್ ಕಮ್ಮಿ ಇದ್ದರೂ, ರಕ್ತ ಕಮ್ಮಿ ಇದ್ದರೂ ಸುಸ್ತು ಮತ್ತು ಬೇಸರ ಇದೇ ತರಹ ಕಾಣಬಹುದು. ವಯಸ್ಸು 45 ಅಂದಿರಿ. ಮುಟ್ಟು ನಿಲ್ಲುವ ಸಮಯವೂ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ.

ಮಾತ್ರೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಖಿನ್ನತೆಗೆ ಕೊಡುವ ಫ್ಲೂಯೊಕ್ಸೆಟಿನ್, ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಗಳು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಆದರೆ ತಲೆನೋವಿನ ಮಾತ್ರೆಯ ಹಾಗೆ ಒಂದು ಗಂಟೆಯಲ್ಲಿ ಕೆಲಸ ಮಾಡುವುದೂ ಇಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ಉಲ್ಟಾ, ಸ್ವಲ್ಪ ವಾಕರಿಕೆ, ಹೊಟ್ಟೆ ಕೆಡುವುದು, ಚಡಪಡಿಕೆ ಆಗಬಹುದು. 'ಮಾತ್ರೆ ಆಗಿಬರಲಿಲ್ಲ' ಎಂದು ಎಷ್ಟೋ ಜನ ಅಲ್ಲೇ ಬಿಡುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ಆರಾಮಾಯಿತು ಎಂದು ತಾವೇ ನಿಲ್ಲಿಸುತ್ತಾರೆ, ಕಾಯಿಲೆ ಮರಳಿ ಬರುತ್ತದೆ. ಸುಧಾರಿಸಿದ ಮೇಲೂ ಆರರಿಂದ ಒಂಬತ್ತು ತಿಂಗಳು ತೆಗೆದುಕೊಂಡು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಆಲ್ಪ್ರಜೊಲಾಮ್ ತರಹದ ನಿದ್ದೆ ಮಾತ್ರೆ ಮಾತ್ರ ಬೇಡ. ಚಟ ಹಿಡಿಯುವುದು ಅದು.

ಅವ್ವನನ್ನು ಒಪ್ಪಿಸುವುದು ಹೇಗೆ? 'ಮಾನಸಿಕ' ಎಂಬ ಮಾತಿನಿಂದ ಶುರು ಮಾಡಬೇಡಿ. 'ನಿದ್ದೆ ಬರೋದಕ್ಕೆ, ಮೈನೋವು ಕಮ್ಮಿ ಆಗೋದಕ್ಕೆ ತೋರ್ಸೋಣ' ಎನ್ನಿ. ಅದರಲ್ಲಿ ಸುಳ್ಳೇನೂ ಇಲ್ಲ, ಚಿಕಿತ್ಸೆಯಲ್ಲಿ ಮೊದಲು ಸರಿಹೋಗುವುದು ಬಹಳ ಸಲ ನಿದ್ದೆಯೇ.

ಉಕ್ಕಡಗಾತ್ರಿಯ ವಿಷಯ. ಅಜ್ಜಯ್ಯನ ಗದ್ದುಗೆಗೆ ನಮ್ಮ ಸೀಮೆಯ ಜನ ತಲೆತಲಾಂತರದಿಂದ ನಡೆದುಕೊಂಡು ಬಂದಿದ್ದಾರೆ. ಹೋಗಬೇಡಿ ಎನ್ನಲು ನಾನು ಯಾರು? ತುಂಗಭದ್ರೆಯಲ್ಲಿ ಮುಳುಗಿ, ಗದ್ದುಗೆಗೆ ಕೈಮುಗಿದು ಬಂದರೆ ಎಷ್ಟೋ ಜನಕ್ಕೆ ಮನಸ್ಸು ತಿಳಿಯಾಗುತ್ತದೆ. ಆದರೆ ಮೂರು ಕರಾರು. ಆಸ್ಪತ್ರೆ ಮೊದಲು, ಅಜ್ಜಯ್ಯ ಆಮೇಲೆ. ಅಲ್ಲಿದ್ದಾಗಲೂ ಮಾತ್ರೆ ತಪ್ಪಬಾರದು. ದಾರಿಯಲ್ಲಿ 'ಮಾಟ ತೆಗೀತೀನಿ' ಎಂದು ಸಾವಿರಾರು ರೂಪಾಯಿ ಕೇಳುವವರು, ಹೊಡೆಯುವವರು, ಉಪವಾಸ ಕೆಡವುವವರು ಸಿಕ್ಕರೆ ಹಿಂದೆ ತಿರುಗಿ. ಮೊದಲೇ ಸಾಲದಲ್ಲಿರುವ ಮನೆ, ಅದಕ್ಕೆ ಇನ್ನೊಂದು ಸಾಲ ಬೇಡ.

ಮಾತ್ರೆಯಷ್ಟೇ ಸಾಲದು, ಮಾತೂ ಬೇಕು. ಆದರೆ 'ಧೈರ್ಯವಾಗಿರಿ, ಯೋಗ ಮಾಡಿ, ವಾಕಿಂಗ್ ಮಾಡಿ' ಎಂಬ ಮಾತಲ್ಲ. ದಿನವಿಡೀ ಭಟ್ಟಿ ಮುಂದೆ ನಿಂತವರಿಗೆ ವಾಕಿಂಗ್ ಹೇಳುವವರನ್ನು ಒಂದು ದಿನ ಅಲ್ಲಿ ನಿಲ್ಲಿಸಬೇಕು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು ಖಿನ್ನತೆ ಇರುವವರ ಜೊತೆ ಆರೆಂಟು ಸಲ ಕೂರಿಸಿದರು. ಕಾಯಿಲೆ ಬಂದ ಮೇಲೆ ಬಿಟ್ಟುಹೋದ, ಮನಸ್ಸಿಗೆ ಹಿತ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುವುದೇ ಆ ಚಿಕಿತ್ಸೆಯ ತಿರುಳು. ಫಲ ಸಿಕ್ಕಿದ್ದು 2017ರಲ್ಲಿ ಪ್ರಕಟವಾಗಿದೆ. ಮನೆಯಲ್ಲಿ ನೀವೂ ಇದನ್ನು ಮಾಡಬಹುದು. ಅವ್ವ ಮೊದಲು ಶುಕ್ರವಾರ ದುಗ್ಗಮ್ಮನ ಗುಡಿಗೆ ಹೋಗುತ್ತಿದ್ದರಾ? ಸಂಜೆ ಹೂ ಕಟ್ಟುತ್ತಿದ್ದರಾ? ತವರಿಗೆ ಫೋನ್ ಮಾಡುತ್ತಿದ್ದರಾ? ಒಂದನ್ನು ಆರಿಸಿ. 'ಮನಸ್ಸು ಬಂದಾಗ ಹೋಗೋಣ' ಎಂದರೆ ಮನಸ್ಸು ಬರುವುದೇ ಇಲ್ಲ. ಮೊದಲು ಹೋಗಬೇಕು, ಮನಸ್ಸು ಆಮೇಲೆ ಬರುತ್ತದೆ.

ಇನ್ನು ಸಾಲ. ಇದನ್ನು ಚಿಕಿತ್ಸೆಯ ಭಾಗ ಎಂದೇ ನಾನು ತಿಳಿದಿದ್ದೇನೆ. ಒಂದು ಹಾಳೆ ತೆಗೆದುಕೊಂಡು ಎಲ್ಲ ಸಾಲ ಬರೆಯಿರಿ: ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಯಾವ ವಾರ. ಅವ್ವನ ತಲೆಯಲ್ಲಿ ರಾತ್ರಿ ಎರಡಕ್ಕೆ ಸುತ್ತುವ ಲೆಕ್ಕ ಹಾಳೆಗೆ ಇಳಿದರೆ ಭಾರ ಸ್ವಲ್ಪ ಇಳಿಯುತ್ತದೆ. ಆ ಹಾಳೆ ನಿಮ್ಮ ಹತ್ತಿರ ಇರಲಿ. ಬಡ್ಡಿ ಜಾಸ್ತಿ ಇರುವ ಕೈಸಾಲವನ್ನು ಮೊದಲು ಇಳಿಸಿ. ಕಂತು ಕಟ್ಟಲು ಹೊಸ ಸಾಲ ಮಾಡುವುದನ್ನು ಇವತ್ತಿಗೇ ನಿಲ್ಲಿಸಿ. ನೋಂದಾಯಿತ ಫೈನಾನ್ಸ್‌ಗಳ ಬ್ರಾಂಚಿಗೆ ನೀವೇ ಹೋಗಿ, ಅವ್ವನ ಆಸ್ಪತ್ರೆ ಚೀಟಿ ತೋರಿಸಿ, ಕಂತಿನ ಮೊತ್ತ ಇಳಿಸಿ ಅವಧಿ ಹೆಚ್ಚಿಸಲು ಲಿಖಿತವಾಗಿ ಕೇಳಿ.

ಕಾನೂನು ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಅಕ್ಕಪಕ್ಕದವರಿಗೆ ಕಿರುಕುಳ ಕೊಡುವಂತಿಲ್ಲ. ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವ ಹಾಗೆ ಸಾಲ ಕೊಡುವಂತೆಯೂ ಇಲ್ಲ. ಮೂರು ಕಡೆ ಸಾಲ ಕೊಟ್ಟವರು ಇದನ್ನು ನೋಡಿದರಾ ಎಂದು ಕೇಳುವ ಹಕ್ಕು ನಿಮಗಿದೆ. ನೋಂದಣಿ ಇಲ್ಲದ ಬಡ್ಡಿ ವ್ಯವಹಾರದವರು ಹಿಂಸೆ ಕೊಟ್ಟರೆ, ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯ್ದೆ ಮಾಡಿದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸ್ ಠಾಣೆಗೆ ಹೋಗಲು ಅಳುಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ.

ಅಪ್ಪನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಮೂಟೆ ಹೊತ್ತು ಸೊಂಟ ನೋವು ಎಂದು ಶುರುವಾದ ಕುಡಿತ ಆಮೇಲೆ ತಾನೇ ಒಂದು ಕಾಯಿಲೆಯಾಗುತ್ತದೆ. ಗಂಡಸರ ಖಿನ್ನತೆ ಎಷ್ಟೋ ಸಲ ಬಾಟಲಿಯ ಹಿಂದೆ ಅಡಗಿರುತ್ತದೆ, ಅವರನ್ನೂ ಅದೇ ವಿಭಾಗದಲ್ಲಿ ತೋರಿಸಬಹುದು. ಎರಡು ಎಚ್ಚರಿಕೆ ಮಾತ್ರ. ಊಟದಲ್ಲಿ ಗುಟ್ಟಾಗಿ ಬೆರೆಸುವ 'ಕುಡಿತ ಬಿಡಿಸುವ ಪುಡಿ' ತರಬೇಡಿ. ಅದರಲ್ಲಿ ಡೈಸಲ್ಫಿರಾಮ್‌ನಂಥ ಔಷಧಿ ಇದ್ದು ಅವರು ಅದರ ಮೇಲೆ ಕುಡಿದರೆ ಜೀವಕ್ಕೇ ಅಪಾಯ. ಹಾಗೆಯೇ ದಿನಾ ಜಾಸ್ತಿ ಕುಡಿಯುವವರು ದಿಢೀರನೆ ಬಿಟ್ಟರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಕೈ ನಡುಗಿ ಇಲ್ಲದ್ದೆಲ್ಲ ಕಾಣಬಹುದು. ಬಿಡಿಸುವುದಾದರೆ ಡಾಕ್ಟರ ಕಣ್ಣೆದುರಲ್ಲೇ ಬಿಡಿಸಬೇಕು. ಅಪ್ಪ ಹೊಡೆಯುತ್ತಾರಾ ಎಂಬುದನ್ನು ನೀವು ಬರೆದಿಲ್ಲ. ಹಾಗಿದ್ದರೆ 181 ಮಹಿಳಾ ಸಹಾಯವಾಣಿ ಇದೆ, ತಕ್ಷಣದ ಅಪಾಯಕ್ಕೆ 112.

ಈ ಮನೆಯಲ್ಲಿ ಎಲ್ಲರ ಭಾರ ಹೊತ್ತಿರುವುದು ನೀವು ಎಂದು ನಿಮ್ಮ ಪತ್ರವೇ ಹೇಳುತ್ತದೆ. 14416 ನಿಮಗೂ ಇದೆ. ಆಸ್ಪತ್ರೆಗೆ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಪಿಯುಸಿ ಓದುವವನಿಗೆ ಮಾತ್ರೆಯ ಹೊತ್ತು ನೆನಪಿಸುವಷ್ಟು ಜವಾಬ್ದಾರಿ ಕೊಡಬಹುದು. ಹೋಗುವಾಗ ಹಳೆಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಇಲ್ಲದಿದ್ದರೆ ಅದೇ ಪರೀಕ್ಷೆಗಳನ್ನು ಮತ್ತೆ ಬರೆಯುತ್ತಾರೆ. ಡಾಕ್ಟರ ಮುಂದೆ ಕೂತಾಗ ಅವ್ವ ಬರೀ ಮೈಕೈ ನೋವು ಎಂದಷ್ಟೇ ಹೇಳಿ ಸುಮ್ಮನಾದರೆ, ನಿದ್ದೆ, ಸಾಲ ಮತ್ತು 'ಸತ್ರೆ ಆರಾಮ' ಎಂದ ಮಾತು, ಈ ಮೂರನ್ನೂ ನೀವೇ ಬಾಯಿಬಿಟ್ಟು ಹೇಳಿ.